ಆಂಗ್ಲಿಕನ್ ದೈವಶಾಸ್ತ್ರ ಮನೆಯಲ್ಲೇ ಓದುವುದು ಹೇಗೆ? ಆರಾಧನೆ ಪುಸ್ತಕದಿಂದ ಶುರು ಮಾಡಿ

"ದೈವಶಾಸ್ತ್ರ ಓದಬೇಕು ಅಂತ ಆಸೆ. ಸೆಮಿನರಿಗೆ ಹೋಗೋಕೆ ಆಗಲ್ಲ. ಎಲ್ಲಿಂದ ಶುರು ಮಾಡಲಿ?"

ಈ ಪ್ರಶ್ನೆ ಎಷ್ಟು ಸಲ ಬಂದಿದೆಯೋ ಲೆಕ್ಕ ಇಟ್ಟಿಲ್ಲ. ತುಮಕೂರಿನಲ್ಲಿ ಆರಾಧನೆ ಮುಗಿದ ಮೇಲೆ ಚರ್ಚಿನ ಗೇಟಿನ ಹತ್ತಿರ ನಿಲ್ಲಿಸಿ ಕೇಳುತ್ತಾರೆ. ಕೋಲಾರ, ಚಿಕ್ಕಬಳ್ಳಾಪುರದವರು ವಾಟ್ಸಾಪ್‌ನಲ್ಲಿ ಕೇಳುತ್ತಾರೆ. ಸಂಡೇ ಸ್ಕೂಲ್ ಟೀಚರ್‌ಗಳು, ಸಭೆಯ ಕಮಿಟಿಯವರು, ಕೆಲಸದಿಂದ ರಿಟೈರ್ ಆಗಿ ಈಗ ಓದೋಣ ಅಂತ ಕೂತವರು. ಒಬ್ಬೊಬ್ಬರಿಗೂ ಅದೇ ಉತ್ತರ ಟೈಪ್ ಮಾಡಿ ಬೆರಳು ಸೋತಿದೆ. ಅದಕ್ಕೇ ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ.

ನಾನು ಪ್ರೊಫೆಸರ್ ಅಲ್ಲ. ವಾರಕ್ಕೊಂದು ಸಂಜೆ ಏಳೆಂಟು ಜನ ಸೇರಿ ಓದುವ ಗುಂಪಿನಲ್ಲಿ ಒಬ್ಬ, ಅಷ್ಟೇ. ದಾರಿ ತಪ್ಪಿದ್ದು ಜಾಸ್ತಿ. ಎಲ್ಲೆಲ್ಲಿ ತಪ್ಪುತ್ತೆ ಅಂತ ಗೊತ್ತಿರುವುದೇ ನನ್ನ ಅರ್ಹತೆ.

ಶುರು ಮಾಡೋ ಮುಂಚೆ ಎರಡು ವಿಷಯ

ದೈವಶಾಸ್ತ್ರ ಅಂದರೆ ದೇವರ ಬಗ್ಗೆ ಸಭೆ ಏನು ನಂಬುತ್ತದೆ, ಯಾಕೆ ನಂಬುತ್ತದೆ ಅನ್ನುವ ಓದು. ಅದಕ್ಕೆ 'ವ್ಯವಸ್ಥಿತ' ಅನ್ನುವ ಮಾತು ಸೇರಿದರೆ, ಆ ನಂಬಿಕೆಗಳನ್ನು ಒಂದರ ಪಕ್ಕ ಒಂದು ಇಟ್ಟು ತಾಳೆ ನೋಡುವ ಕೆಲಸ. ಕ್ರಿಸ್ತನ ಬಗ್ಗೆ ನೀವು ಒಂದು ಮಾತು ಹೇಳಿದರೆ ಅದು ರಕ್ಷಣೆಯ ಬಗ್ಗೆ ಹೇಳಿದ ಮಾತಿಗೆ ಹೊಂದಬೇಕು. ಒಂದು ಕಡೆ ಎಳೆದರೆ ಇನ್ನೊಂದು ಕಡೆ ಅಲ್ಲಾಡುತ್ತದೆ. ಆ ಅಲ್ಲಾಟವನ್ನು ಗಮನಿಸುವುದೇ ಈ ಓದಿನ ಮಜಾ.

ಎರಡನೆಯದು, "ನಮ್ಮದು ಆಂಗ್ಲಿಕನ್ ಸಭೆನಾ?" ಅನ್ನುವ ಪ್ರಶ್ನೆ. ಆಂಗ್ಲಿಕನ್ ಅಂದರೆ ಇಂಗ್ಲೆಂಡಿನ ಸಭೆಯಿಂದ ಬಂದ ಪರಂಪರೆ. ಇದಕ್ಕೆ ಹೌದು ಅಂತಲೂ ಹೇಳಬಹುದು, ಪೂರ್ತಿ ಹೌದಲ್ಲ ಅಂತಲೂ ಹೇಳಬಹುದು. ತುಮಕೂರು, ಗುಬ್ಬಿ ಕಡೆ ಮೊದಲು ಬಂದವರು ವೆಸ್ಲಿಯನ್ ಮಿಷನ್‌ನವರು, ಅಂದರೆ ಬ್ರಿಟಿಷ್ ಮೆಥೊಡಿಸ್ಟರು. ಚಿಕ್ಕಬಳ್ಳಾಪುರದಲ್ಲಿ ಲಂಡನ್ ಮಿಷನ್. ಕೋಲಾರದಲ್ಲಿ ಅಮೆರಿಕನ್ ಮೆಥೊಡಿಸ್ಟರು. ಅಪ್ಪಟ ಆಂಗ್ಲಿಕನ್ ಚರ್ಚು ಬೇಕು ಅಂದರೆ ಕೆಜಿಎಫ್ ಕಡೆ ನೋಡಬೇಕು. ಗಣಿಯ ಇಂಗ್ಲಿಷ್ ಅಧಿಕಾರಿಗಳಿಗಾಗಿ ಅಲ್ಲಿ ಕಟ್ಟಿದ್ದರು. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಆಂಗ್ಲಿಕನ್ನರು, ಬ್ರಿಟಿಷ್ ಮೆಥೊಡಿಸ್ಟರು, ಮತ್ತು ಲಂಡನ್ ಮಿಷನ್ ಸಭೆಗಳೂ ಸೇರಿದ್ದ ದಕ್ಷಿಣ ಭಾರತ ಐಕ್ಯ ಸಭೆ, ಈ ಮೂವರೂ ಕೂಡಿ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಆಯಿತು. ಕೋಲಾರದ ಮೆಥೊಡಿಸ್ಟ್ ಸಭೆ ಇದಕ್ಕೆ ಸೇರಲಿಲ್ಲ, ಇಂದಿಗೂ ಬೇರೆಯೇ. ಸಿಎಸ್‌ಐ ಇವತ್ತು ಜಗತ್ತಿನ ಆಂಗ್ಲಿಕನ್ ಕುಟುಂಬದ ಸದಸ್ಯ. ಬಿಷಪರಿದ್ದಾರೆ, ಆರಾಧನಾ ಕ್ರಮ ಇದೆ, ಎರಡು ವಿಶ್ವಾಸ ಪ್ರಮಾಣಗಳಿವೆ (ಸಭೆ ಒಟ್ಟಾಗಿ ಹೇಳುವ ನಂಬಿಕೆಯ ಸಾರಾಂಶ). ಅಂದರೆ ಮನೆಯಲ್ಲಿ ಆಂಗ್ಲಿಕನ್ ಕೋಣೆ ಇದೆ, ಆದರೆ ಮನೆಯೆಲ್ಲ ಅದೇ ಅಲ್ಲ. ಇದು ತಲೆಯಲ್ಲಿದ್ದರೆ ಮುಂದೆ ಗೊಂದಲ ಕಡಿಮೆ.

ಏನೇನು ಬೇಕು

ಕನ್ನಡ ಸತ್ಯವೇದ, ಹಳೆಯದೂ ಇರಲಿ, ಹೊಸ ಅನುವಾದವೂ ಒಂದು ಇರಲಿ. ನಿಮ್ಮ ಸಭೆಯ ಕನ್ನಡ ಆರಾಧನೆ ಪುಸ್ತಕ. 1662ರ ಇಂಗ್ಲಿಷ್ ಪ್ರಾರ್ಥನಾ ಪುಸ್ತಕ, ಇದು ಇಂಟರ್‌ನೆಟ್‌ನಲ್ಲಿ ಪುಕ್ಕಟೆ ಸಿಗುತ್ತದೆ, ಅದರ ಕೊನೆಯಲ್ಲೇ 39 ವಿಧಿಗಳೂ, ಅಂದರೆ ಇಂಗ್ಲೆಂಡಿನ ಸಭೆ ತನ್ನ ನಂಬಿಕೆಗಳನ್ನು ಅಂಶ ಅಂಶವಾಗಿ ಬರೆದಿಟ್ಟದ್ದು, ಇರುತ್ತವೆ. ಇನ್ನೂರು ಪುಟದ ಒಂದು ನೋಟ್‌ಬುಕ್. ಪೆನ್ಸಿಲ್. ವಾರಕ್ಕೆ ಐದು ಗಂಟೆ. ಒಂದು ವರ್ಷಕ್ಕೂ ಸ್ವಲ್ಪ ಮೇಲಿನ ತಾಳ್ಮೆ.

ದಪ್ಪ ಪುಸ್ತಕ ಈಗಲೇ ಕೊಳ್ಳಬೇಡಿ. ನಾನು ಮೂರು ಸಂಪುಟದ ಒಂದು ಗ್ರಂಥ ತರಿಸಿ, ಎಂಬತ್ತನೇ ಪುಟಕ್ಕೆ ಬಂದು, ಅದನ್ನು ಟಿವಿ ಸ್ಟ್ಯಾಂಡಿನ ಕೆಳಗೆ ಸೇರಿಸಿದವನು.

ಇಂಗ್ಲಿಷ್ ಎಷ್ಟು ಬೇಕು ಅಂತ ಕೇಳುತ್ತಾರೆ. ಪತ್ರಿಕೆ ಓದುವಷ್ಟು ಬಂದರೆ ಸಾಕು. ಹಳೆಯ ಇಂಗ್ಲಿಷ್ ಕಷ್ಟ ಅನ್ನಿಸಿದರೆ ದಿನಕ್ಕೆ ಅರ್ಧ ಪುಟ ಓದಿ. ಇದೇನು ಓಟದ ಪಂದ್ಯವಲ್ಲ.

ಹಂತ 1: ಬಾಯಿಗೆ ಬರುವುದನ್ನು ಮೊದಲು ಓದಿ (ಆರು ವಾರ)

ಲೂಥರನ್ನರಿಗೆ ಲೂಥರ್ ಇದ್ದಾನೆ, ರಿಫಾರ್ಮ್ಡ್ ಸಭೆಗಳಿಗೆ ಕ್ಯಾಲ್ವಿನ್ ಇದ್ದಾನೆ. ಆಂಗ್ಲಿಕನ್ನರಿಗೆ ಅಂಥ ಒಬ್ಬ ಗುರು ಇಲ್ಲ, ಒಂದು ಮಹಾಗ್ರಂಥವೂ ಇಲ್ಲ. ಅವರಿಗೆ ಇರುವುದು ಪ್ರಾರ್ಥನಾ ಪುಸ್ತಕ. ಸಭೆ ಹೇಗೆ ಪ್ರಾರ್ಥಿಸುತ್ತದೋ ಹಾಗೇ ನಂಬುತ್ತದೆ ಅನ್ನುವ ಹಳೆಯ ಲ್ಯಾಟಿನ್ ಮಾತೊಂದಿದೆ. ಆಂಗ್ಲಿಕನ್ ಓದು ನಿಂತಿರುವುದು ಅದರ ಮೇಲೆ. ಹಾಗಾಗಿ ನೀವು ಚಿಕ್ಕಂದಿನಿಂದ ಹೇಳಿಕೊಂಡು ಬಂದ ಪ್ರಾರ್ಥನೆಗಳೇ ನಿಮ್ಮ ಮೊದಲ ಪಠ್ಯಪುಸ್ತಕ.

ಕರ್ತನ ಭೋಜನದ ಕ್ರಮ ತೆರೆಯಿರಿ. ಪ್ರತಿ ವಾಕ್ಯದ ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ಬರೆಯಿರಿ: ಇದು ಯಾರಿಗೆ ಹೇಳಿದ್ದು? ದೇವರ ಬಗ್ಗೆ ಏನು ಹೇಳುತ್ತಿದೆ? ನಮ್ಮ ಬಗ್ಗೆ ಏನು?

ಒಂದು ಕಡೆ ನಿಧಾನವಾಗಿ ನಿಂತು ನೋಡೋಣ. ರೊಟ್ಟಿ ಕೈಗೆ ಕೊಡುವಾಗ ಹೇಳುವ ಮಾತು. 1549ರ ಮೊದಲ ಪ್ರಾರ್ಥನಾ ಪುಸ್ತಕದಲ್ಲಿ ಅದರ ಅರ್ಥ ಹೀಗಿತ್ತು: ನಿನಗಾಗಿ ಕೊಡಲಾದ ಕರ್ತನಾದ ಯೇಸು ಕ್ರಿಸ್ತನ ದೇಹ ನಿನ್ನ ದೇಹವನ್ನೂ ಆತ್ಮವನ್ನೂ ನಿತ್ಯಜೀವಕ್ಕೆ ಕಾಪಾಡಲಿ. ಕೇಳಿದವನು ಕೈಯಲ್ಲಿರುವುದು ಕ್ರಿಸ್ತನ ದೇಹ ಅಂದುಕೊಳ್ಳಬಹುದು. ಮೂರೇ ವರ್ಷಕ್ಕೆ, 1552ರಲ್ಲಿ, ಆ ಮೊದಲ ಪುಸ್ತಕವನ್ನೂ ತಂದಿದ್ದ ಆರ್ಚ್‌ಬಿಷಪ್ ಥಾಮಸ್ ಕ್ರ್ಯಾನ್ಮರ್ ಆ ವಾಕ್ಯ ತೆಗೆದು ಬೇರೆ ಹಾಕಿಸಿದ: ಕ್ರಿಸ್ತ ನಿನಗಾಗಿ ಸತ್ತನೆಂಬ ನೆನಪಿನಲ್ಲಿ ಇದನ್ನು ತೆಗೆದುಕೊಂಡು ತಿನ್ನು, ನಂಬಿಕೆಯಿಂದ ನಿನ್ನ ಹೃದಯದಲ್ಲಿ ಆತನನ್ನು ಉಣ್ಣು. ಈಗ 'ದೇಹ' ಅನ್ನುವ ಮಾತೇ ಇಲ್ಲ. ನೆನಪು, ನಂಬಿಕೆ, ಹೃದಯ ಬಂದವು. ಆಮೇಲೆ ಮೇರಿ ರಾಣಿಯ ಕಾಲದಲ್ಲಿ ಇಂಗ್ಲೆಂಡ್ ಮತ್ತೆ ರೋಮಿನ ಕಡೆ, ಅಂದರೆ ರೋಮನ್ ಕ್ಯಾಥೊಲಿಕ್ ಸಭೆಯ ಕಡೆ ಹೋಯಿತು, 1556ರಲ್ಲಿ ಕ್ರ್ಯಾನ್ಮರ್‌ನನ್ನು ಸುಟ್ಟರು. ಎಲಿಜಬೆತ್ ಬಂದ ಮೇಲೆ 1559ರ ಪುಸ್ತಕದಲ್ಲಿ ಏನು ಮಾಡಿದರು ಗೊತ್ತಾ? ಎರಡೂ ವಾಕ್ಯಗಳನ್ನು ಒಂದರ ಹಿಂದೆ ಒಂದು ಜೋಡಿಸಿದರು. 1662ರಲ್ಲೂ ಹಾಗೇ ಉಳಿಯಿತು.

ಸುಮ್ನೆ ರಾಜಿ ಅನ್ನುತ್ತೀರಾ? ನಾನೂ ಮೊದಲು ಹಾಗೇ ಅಂದುಕೊಂಡೆ. ಈಗ ಹಾಗನ್ನಿಸುವುದಿಲ್ಲ. ಮೊದಲ ವಾಕ್ಯ ಕೊಡುವವನ ಬಗ್ಗೆ, ಎರಡನೆಯದು ತೆಗೆದುಕೊಳ್ಳುವವನ ಬಗ್ಗೆ. ಕ್ರಿಸ್ತ ನಿಜವಾಗಿ ತನ್ನನ್ನು ಕೊಡುತ್ತಾನೆ, ನಾವು ನಂಬಿಕೆಯಿಂದ ತೆಗೆದುಕೊಳ್ಳುತ್ತೇವೆ. ಕರ್ತನ ಭೋಜನದ ಬಗ್ಗೆ ಇರುವ 28ನೇ ವಿಧಿಯನ್ನು ಹಂತ 3ರಲ್ಲಿ ಓದುವಾಗ ಇದೇ ಜೋಡಣೆ ಮತ್ತೆ ಎದುರಾಗುತ್ತದೆ. ಆಗ "ಓ, ಇದು ನನಗೆ ಗೊತ್ತು" ಅನ್ನಿಸುತ್ತದಲ್ಲ, ಆ ಕ್ಷಣಕ್ಕೋಸ್ಕರವೇ ಇಲ್ಲಿಂದ ಶುರು ಮಾಡಿ ಅನ್ನುತ್ತಿದ್ದೇನೆ.

ನಮ್ಮದೇ ಇನ್ನೊಂದು ಉದಾಹರಣೆ. ಆರಾಧನೆಯ ಮಧ್ಯೆ ಒಬ್ಬರ ಕೈ ಒಬ್ಬರು ಹಿಡಿದು ಸಮಾಧಾನ ಹಂಚುತ್ತೇವಲ್ಲ, ಅದು ಇಂಗ್ಲೆಂಡಿನಿಂದ ಬಂದದ್ದಲ್ಲ. 1950ರ ಸಿಎಸ್‌ಐ ಕ್ರಮ ಅದನ್ನು ಕೇರಳದ ಸಿರಿಯನ್ ಕ್ರೈಸ್ತರ ಪದ್ಧತಿಯಿಂದ ತೆಗೆದುಕೊಂಡಿತು. ಸಭೆ ಅಂದರೆ ಏನು ಅನ್ನುವ ಪಾಠ ಆ ಎರಡು ಕೈಗಳಲ್ಲೇ ಇದೆ.

*ಎಚ್ಚರಿಕೆ:* "ಇದೆಲ್ಲ ಬಾಯಿಪಾಠ, ಬಿಡಿ" ಅಂತ ಈ ಹಂತ ಹಾರಿಸುವವರೇ ಜಾಸ್ತಿ. ಮೂರು ತಿಂಗಳಿಗೆ ಓದು ಬಿಡುವವರೂ ಅವರೇ.

ಹಂತ 2: ವಿಶ್ವಾಸ ಪ್ರಮಾಣಗಳು, ನಾಲ್ಕು ಸಭಾ ಸಮ್ಮೇಳನಗಳು (ಆರು ವಾರ)

ಅಪೊಸ್ತಲರ ವಿಶ್ವಾಸ ಪ್ರಮಾಣ, ನೈಸೀನ್ ವಿಶ್ವಾಸ ಪ್ರಮಾಣ ಎರಡನ್ನೂ ಕೈಯಲ್ಲಿ ಬರೆದುಕೊಳ್ಳಿ. ಆಮೇಲೆ ನಾಲ್ಕು ಇಸವಿ ನೆನಪಿಡಿ: ನೈಸಿಯ 325, ಕಾನ್‌ಸ್ಟಾಂಟಿನೋಪಲ್ 381, ಎಫೆಸ 431, ಕಲ್ಸೆಡಾನ್ 451. ಇವು ಬಿಷಪರು ಸೇರಿ ವಾದ ಮಾಡಿ ತೀರ್ಮಾನಿಸಿದ ದೊಡ್ಡ ಸಭೆಗಳು.

ನೈಸಿಯದ ಜಗಳ ಒಂದೇ ಸಾಲಿನಲ್ಲಿ ಹೇಳಬಹುದು. ಅಲೆಕ್ಸಾಂಡ್ರಿಯದ ಆರಿಯಸ್ ಅನ್ನುವ ಸಭಾಪಾಲಕ, ಮಗನು ಸೃಷ್ಟಿಯಾದವನು, ಆತನು ಇಲ್ಲದಿದ್ದ ಹೊತ್ತು ಇತ್ತು ಅಂದ. ಸಭೆ ಇಲ್ಲ ಅಂದಿತು. ಅದಕ್ಕೆ ಬಳಸಿದ ಗ್ರೀಕ್ ಪದ 'ಹೋಮೊಊಸಿಯೋಸ್', ಅಂದರೆ ತಂದೆ ಏನೋ ಮಗನೂ ಅದೇ. ನಂತರ ಕೆಲವರು ನಡುವೆ ಒಂದು 'ಇ' ಸೇರಿಸಿ 'ಹೋಮೊಇಊಸಿಯೋಸ್', ಅಂದರೆ ತಂದೆಯ ಹಾಗೆ, ಅಂತ ಮಾಡೋಣ ಅಂದರು. ಒಂದು ಅಕ್ಷರಕ್ಕೆ ಇಷ್ಟು ಗಲಾಟೆಯಾ ಅನ್ನಬೇಡಿ. "ಇವನು ನನ್ನ ಮಗ" ಅನ್ನುವುದಕ್ಕೂ "ಇವನು ನನ್ನ ಮಗನ ಹಾಗೆ" ಅನ್ನುವುದಕ್ಕೂ ಆಸ್ತಿ ಪತ್ರದಲ್ಲಿ ಎಷ್ಟು ವ್ಯತ್ಯಾಸ ಅಂತ ತಾಲ್ಲೂಕು ಕಚೇರಿಗೆ ಅಲೆದವರಿಗೆ ಗೊತ್ತು.

ಕಲ್ಸೆಡಾನ್ ಹೇಳಿದ್ದು: ಒಬ್ಬನೇ ಕ್ರಿಸ್ತ, ಎರಡು ಸ್ವಭಾವ, ದೇವರೂ ಹೌದು ಮನುಷ್ಯನೂ ಹೌದು. ಅವೆರಡೂ ಬೆರಕೆಯಾಗದೆ, ಬದಲಾಗದೆ, ಒಡೆಯದೆ, ಬೇರ್ಪಡದೆ ಇವೆ. ನಾಲ್ಕೂ 'ಇಲ್ಲ' ಅನ್ನುವ ಮಾತುಗಳೇ ಅಲ್ವಾ? ಹೇಗೆ ಅಂತ ವಿವರಿಸುವುದಿಲ್ಲ, ಬೇಲಿ ಹಾಕುತ್ತದೆ. ಒಳಗೆ ಓಡಾಡಿ, ಆಚೆ ಹೋಗಬೇಡಿ ಅಂತ.

ಈ ಹಂತಕ್ಕೆ ಒಂದು ಚಿಕ್ಕ ಪುಸ್ತಕ ಬೇಕಾದರೆ, 2002ರಿಂದ 2012ರವರೆಗೆ ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಆಗಿದ್ದ ರೋವನ್ ವಿಲಿಯಮ್ಸ್ ಅವರ 'ಟೋಕನ್ಸ್ ಆಫ್ ಟ್ರಸ್ಟ್' ತೆಗೆದುಕೊಳ್ಳಿ. 2007ರದ್ದು. ವಿಶ್ವಾಸ ಪ್ರಮಾಣವನ್ನು ಮಾತಾಡುವ ಧಾಟಿಯಲ್ಲಿ ಬಿಡಿಸುತ್ತದೆ.

*ಎಚ್ಚರಿಕೆ:* ತ್ರಿಯೇಕ ದೇವರಿಗೆ (ತಂದೆ, ಮಗ, ಪವಿತ್ರಾತ್ಮ, ಆದರೂ ಒಬ್ಬನೇ ದೇವರು) ಉದಾಹರಣೆ ಹುಡುಕುವ ಚಟ. ತಿಪಟೂರು ಕಡೆಯವರು ತೆಂಗಿನಕಾಯಿ ಹಿಡಿದುಕೊಂಡು ಬರುತ್ತಾರೆ: ಚಿಪ್ಪು, ಕಾಯಿ, ನೀರು, ಮೂರೂ ಸೇರಿ ಒಂದು. ಆದರೆ ಚಿಪ್ಪು ಒಂದೇ ಪೂರ್ತಿ ತೆಂಗಿನಕಾಯಿ ಅಲ್ಲವಲ್ಲ. ಮಗ ದೇವರ ಮೂರನೇ ಒಂದು ಭಾಗ ಅಂತ ಆಗಿಬಿಡುತ್ತದೆ. ನೀರು, ಮಂಜುಗಡ್ಡೆ, ಹಬೆ ಅಂದರೆ ದೇವರು ಒಂದೊಂದು ಹೊತ್ತಿಗೆ ಒಂದೊಂದು ವೇಷ ಹಾಕುತ್ತಾನೆ ಅಂತಾಗುತ್ತದೆ. ಇದನ್ನು ಮೂರನೇ ಶತಮಾನದಲ್ಲೇ ತಪ್ಪು ಅಂದಿದ್ದಾರೆ. ಉದಾಹರಣೆ ಹೇಳಲೇಬೇಕಾದರೆ ಹೇಳಿ, ಆದರೆ ಅದು ಎಲ್ಲಿ ಮುರಿಯುತ್ತದೆ ಅಂತಲೂ ಹೇಳಿ. ಹಾಗೇ, ಪುನರುತ್ಥಾನಕ್ಕೆ ರೇಷ್ಮೆ ಗೂಡಿನ ಉದಾಹರಣೆಯನ್ನು ಶಿಡ್ಲಘಟ್ಟದಲ್ಲಿ ಮಾತ್ರ ಕೊಡಬೇಡಿ. ಅಲ್ಲಿ ಹುಳ ಗೂಡಿನಿಂದ ಚಿಟ್ಟೆಯಾಗಿ ಬರುವುದಿಲ್ಲ, ಬಿಸಿನೀರಿಗೆ ಹೋಗುತ್ತದೆ.

ಹಂತ 3: 39 ವಿಧಿಗಳು (ಹದಿಮೂರು ವಾರ)

ವಾರಕ್ಕೆ ಮೂರು. ಇವು 1571ರಲ್ಲಿ ಈಗಿನ ರೂಪಕ್ಕೆ ಬಂದವು. 1ರಿಂದ 5 ದೇವರು ಮತ್ತು ಕ್ರಿಸ್ತ. 6ರಿಂದ 8 ಸತ್ಯವೇದ ಮತ್ತು ವಿಶ್ವಾಸ ಪ್ರಮಾಣ. 9ರಿಂದ 18 ಪಾಪ, ಕೃಪೆ, ರಕ್ಷಣೆ. 19ರಿಂದ 36 ಸಭೆ, ಸೇವೆ, ಸಂಸ್ಕಾರಗಳು. ಕೊನೆಯ ಮೂರು ಸರ್ಕಾರ, ಆಸ್ತಿ, ಆಣೆ ಪ್ರಮಾಣದ ವಿಷಯ.

ಸಮಯ ಕಡಿಮೆ ಇದ್ದರೆ 6, 9, 11, 17, 19, 20, 25, 28 ಓದಿ. ಆರನೆಯದು ಅಡಿಪಾಯ. ರಕ್ಷಣೆಗೆ ಬೇಕಾದದ್ದೆಲ್ಲ ಸತ್ಯವೇದದಲ್ಲಿದೆ, ಅದರಲ್ಲಿ ಇಲ್ಲದ್ದನ್ನು ನಂಬಲೇಬೇಕು ಅಂತ ಯಾರನ್ನೂ ಒತ್ತಾಯಿಸುವ ಹಾಗಿಲ್ಲ ಅನ್ನುತ್ತದೆ. ಗಮನಿಸಿ, ಸತ್ಯವೇದದಲ್ಲಿ ಇಲ್ಲದ್ದನ್ನು ಮಾಡಲೇಬಾರದು ಅಂತ ಹೇಳಿಲ್ಲ. ಆ ಸಣ್ಣ ಸಂದಿಯಲ್ಲೇ ಬಿಷಪರ ನಿಲುವಂಗಿ, ಹಬ್ಬಗಳ ಪಟ್ಟಿ, ಮೇಣದ ಬತ್ತಿ ಎಲ್ಲ ಬಂದು ಕೂತಿವೆ.

ಕೋಲಾರದ ಮೆಥೊಡಿಸ್ಟ್ ಓದುಗರಿಗೆ ಇಲ್ಲಿ ಒಂದು ಮನೆ ವಿಷಯ. ಮೆಥೊಡಿಸ್ಟ್ ಚಳವಳಿ ಶುರು ಮಾಡಿದ ಜಾನ್ ವೆಸ್ಲಿ ಸಾಯುವವರೆಗೂ ಆಂಗ್ಲಿಕನ್ ಪಾದ್ರಿಯೇ ಆಗಿದ್ದ. 1784ರಲ್ಲಿ ಅಮೆರಿಕದ ಮೆಥೊಡಿಸ್ಟರಿಗಾಗಿ ಈ 39ನ್ನು 24ಕ್ಕೆ ಇಳಿಸಿದ. ಅವರು ಸರ್ಕಾರದ ಬಗ್ಗೆ ಒಂದು ಸೇರಿಸಿ 25 ಮಾಡಿಕೊಂಡರು. ವೆಸ್ಲಿ ಕತ್ತರಿಸಿದವುಗಳಲ್ಲಿ 17ನೆಯದೂ ಒಂದು, ದೇವರು ಮೊದಲೇ ಆರಿಸಿಕೊಳ್ಳುವ ವಿಷಯದ್ದು. ನಿಮ್ಮ 25ನ್ನೂ ಈ 39ನ್ನೂ ಪಕ್ಕಪಕ್ಕ ಇಟ್ಟು ಏನೇನು ಹೋಯಿತು ಅಂತ ಗುರುತು ಹಾಕಿ. ಒಂದು ಭಾನುವಾರ ಮಧ್ಯಾಹ್ನಕ್ಕೆ ಇದಕ್ಕಿಂತ ಒಳ್ಳೆಯ ಕೆಲಸ ನನಗೆ ಗೊತ್ತಿಲ್ಲ.

*ಎಚ್ಚರಿಕೆ:* ಇವು 16ನೇ ಶತಮಾನದ ಜಗಳದ ಮಧ್ಯೆ ಬರೆದವು. ಒಂದು ಕಡೆ ರೋಮ್, ಇನ್ನೊಂದು ಕಡೆ ಮಕ್ಕಳ ದೀಕ್ಷಾಸ್ನಾನ ಒಪ್ಪದವರು. ಯಾರಿಗೆ ಉತ್ತರ ಕೊಡುತ್ತಿದೆ ಅಂತ ನೋಡದೆ ಓದಿದರೆ ಸುಮ್ಮನೆ ಬೈಗುಳದ ಹಾಗೆ ಕಾಣುತ್ತದೆ. ಮತ್ತೆ, ಸಿಎಸ್‌ಐ ತನ್ನ ನಂಬಿಕೆಯ ಆಧಾರವಾಗಿ ಹೆಸರಿಸಿದ್ದು ಸತ್ಯವೇದವನ್ನು ಮತ್ತು ಎರಡು ವಿಶ್ವಾಸ ಪ್ರಮಾಣಗಳನ್ನು, ಈ ವಿಧಿಗಳನ್ನಲ್ಲ. ಹಾಗಾಗಿ "39ರಲ್ಲಿ ಹೀಗಿದೆ" ಅಂತ ಕಮಿಟಿ ಮೀಟಿಂಗಿನಲ್ಲಿ ಮೇಜು ಕುಟ್ಟಬೇಡಿ.

ಹಂತ 4: ತೀರ್ಮಾನ ಮಾಡುವ ರೀತಿ (ಎರಡು ವಾರ)

ರಿಚರ್ಡ್ ಹೂಕರ್ ಅನ್ನುವ ಪಾದ್ರಿ, 1554ರಿಂದ 1600ರವರೆಗೆ ಬದುಕಿದ್ದವನು, ಆಂಗ್ಲಿಕನ್ ಯೋಚನೆಯ ರೀತಿಗೆ ಅಡಿಪಾಯ ಹಾಕಿದ. ಸತ್ಯವೇದ, ಪರಂಪರೆ, ವಿವೇಕ ಅನ್ನುವ 'ಮೂರು ಕಾಲಿನ ಸ್ಟೂಲು' ಹೂಕರನದ್ದು ಅಂತ ಎಲ್ಲರೂ ಹೇಳುತ್ತಾರೆ. ಆದರೆ ಆ ಹೋಲಿಕೆ ಅವನು ಬರೆದದ್ದಲ್ಲ. ಸ್ಟೂಲಿನ ಮೂರು ಕಾಲೂ ಸಮ ಇರಬೇಕು. ಹೂಕರ್ ಸಮ ಅಂದಿಲ್ಲ. ಮೊದಲು ಸತ್ಯವೇದ ಸ್ಪಷ್ಟವಾಗಿ ಹೇಳಿದ್ದು, ಆಮೇಲೆ ವಿವೇಕದಿಂದ ತಿಳಿಯುವುದು, ಅದಾದ ಮೇಲೆ ಸಭೆಯ ದನಿ ಅನ್ನುವ ಸಾಲು ಅವನದು. ಯಾರಾದರೂ ಸ್ಟೂಲು ತೋರಿಸಿದರೆ ನಕ್ಕು ಸುಮ್ಮನಾಗಿ.

ಹಂತ 5: ಒಂದೊಂದು ವಿಷಯಕ್ಕೆ ಒಂದೊಂದು ತಿಂಗಳು

ಈಗ ನಿಜವಾದ ವ್ಯವಸ್ಥಿತ ಓದು. ವಿಷಯಗಳು: ದೇವರು, ಸೃಷ್ಟಿ ಮತ್ತು ಮನುಷ್ಯ, ಕ್ರಿಸ್ತ, ಪವಿತ್ರಾತ್ಮ ಮತ್ತು ಕೃಪೆ, ಸಭೆ, ಸಂಸ್ಕಾರಗಳು, ಕಡೆಯ ದಿನಗಳು. ಈಗ ಬೇಕಾದರೆ ಒಂದು ದಪ್ಪ ಪರಿಚಯ ಪುಸ್ತಕ ತನ್ನಿ. ಆಂಗ್ಲಿಕನ್ ಪಾದ್ರಿಯೇ ಆದ ಅಲಿಸ್ಟರ್ ಮೆಕ್‌ಗ್ರಾತ್ ಅವರ ಕ್ರಿಶ್ಚಿಯನ್ ಥಿಯಾಲಜಿ ಪರಿಚಯ ಪುಸ್ತಕ ಕಾಲೇಜುಗಳಲ್ಲಿ ಬಳಕೆಯಲ್ಲಿದೆ. ಪೂರ್ತಿ ಓದಬೇಡಿ, ಆ ತಿಂಗಳ ಅಧ್ಯಾಯ ಮಾತ್ರ ಓದಿ.

ನೋಟ್‌ಬುಕ್ಕಿನಲ್ಲಿ ಪ್ರತಿ ವಿಷಯಕ್ಕೂ ಇಷ್ಟು ಬರೆಯಿರಿ. ಆರಾಧನೆ ಪುಸ್ತಕದಲ್ಲಿ ಇದು ಎಲ್ಲಿ ಬರುತ್ತದೆ. ಸತ್ಯವೇದದ ಮೂರು ಭಾಗ. ವಿಶ್ವಾಸ ಪ್ರಮಾಣ, ವಿಧಿ ಏನನ್ನುತ್ತದೆ. ಆಂಗ್ಲಿಕನ್ನರಲ್ಲೇ ಯಾರು ಯಾರು ಒಪ್ಪುವುದಿಲ್ಲ. ಕೊನೆಗೆ, ನಿಮ್ಮ ಅಜ್ಜಿಗೆ ಅರ್ಥ ಆಗುವ ಹಾಗೆ ಕನ್ನಡದಲ್ಲಿ ಹತ್ತು ಸಾಲು. ಈ ಹತ್ತು ಸಾಲು ಬರೆಯದೆ ಮುಂದಿನ ವಿಷಯಕ್ಕೆ ಹೋಗಬೇಡಿ. ಇಂಗ್ಲಿಷಿನಲ್ಲಿ ಅರ್ಥ ಆಯ್ತು ಅಂದುಕೊಂಡದ್ದು ಕನ್ನಡಕ್ಕೆ ಬರುವಾಗ ಅರ್ಧ ಉದುರಿಹೋಗಿರುತ್ತದೆ.

ಕನ್ನಡದಲ್ಲಿ ಬರೆಯುವಾಗ ಕಾಲಿಗೆ ತೊಡರುವ ಪದಗಳು ಕೆಲವಿವೆ. ಇವುಗಳಿಗೆ ಜಾಸ್ತಿ ಸಮಯ ಕೊಡಿ.

'ಅವತಾರ'. ಹಳೆಯ ಕನ್ನಡ ಸತ್ಯವೇದದಲ್ಲಿ ಯೋಹಾನ 1:14ರಲ್ಲಿ 'ನರಾವತಾರ' ಅನ್ನುವ ಪದ ಇದೆ. ಗ್ರೀಕಿನಲ್ಲಿರುವುದು 'ಸಾರ್ಕ್ಸ್', ಅಂದರೆ ಮಾಂಸ. ವಾಕ್ಯ ಮಾಂಸವಾಯಿತು ಅಂತ ನೇರ ಅರ್ಥ. ಅವತಾರ ಅಂದ ಕೂಡಲೇ ನಮ್ಮ ಕಿವಿಗೆ ಬರುವುದು ದಶಾವತಾರ: ಇಳಿದು ಬರುವುದು, ಕೆಲಸ ಮುಗಿಸಿ ಹೋಗುವುದು, ಮತ್ತೆ ಇನ್ನೊಂದು ರೂಪದಲ್ಲಿ ಬರುವುದು. ಕ್ರೈಸ್ತ ನಂಬಿಕೆಯಲ್ಲಿ ಇದು ಒಂದೇ ಸಲ. ಅಷ್ಟೇ ಅಲ್ಲ, ಪರಲೋಕಕ್ಕೆ ಏರಿದ ಮೇಲೂ ಆತನು ಮನುಷ್ಯತ್ವವನ್ನು ಕಳಚಿಡಲಿಲ್ಲ. ನಾಲ್ಕನೇ ವಿಧಿ ಇದನ್ನೇ ಹೇಳುತ್ತದೆ, ಮಾಂಸ ಮೂಳೆ ಸಮೇತ ಅಂತ. ಹಾಗಂತ ನರಾವತಾರ ಅನ್ನುವ ಪದ ಬಿಟ್ಟುಬಿಡಿ ಅನ್ನುವುದಿಲ್ಲ, ನಮ್ಮ ಹಿರಿಯರು ಜನಕ್ಕೆ ತಲುಪುವ ಪದ ಆರಿಸಿದರು. ಆದರೆ ಬಳಸಿದ ಕಡೆ ಎರಡು ಸಾಲು ವಿವರಿಸಿ.

'ವ್ಯಕ್ತಿ'. ಒಬ್ಬ ದೇವರು, ಮೂವರು ವ್ಯಕ್ತಿಗಳು ಅನ್ನುತ್ತೇವೆ. ಕನ್ನಡದಲ್ಲಿ ಮೂವರು ವ್ಯಕ್ತಿಗಳು ಅಂದರೆ ಬಸ್ ಸ್ಟ್ಯಾಂಡಿನಲ್ಲಿ ನಿಂತ ಮೂರು ಜನ. ನಾವು ವ್ಯಕ್ತಿ ಅನ್ನುವ ಕಡೆ ಗ್ರೀಕರು ಬಳಸಿದ 'ಹೈಪೊಸ್ಟಾಸಿಸ್' ಪದದಲ್ಲಿ ಹಾಗೆ ಬೇರೆಬೇರೆ ನಿಂತಿರುವ ಅರ್ಥವಿಲ್ಲ. ಮೂರು ಮನಸ್ಸು, ಮೂರು ಇಷ್ಟ ಇಟ್ಟುಕೊಂಡ ಮೂವರು ದೇವರುಗಳ ಕಮಿಟಿ ಅಲ್ಲ ಇದು.

'ಪುಣ್ಯ', 'ಕೃಪೆ'. ಒಳ್ಳೆಯದು ಮಾಡಿದರೆ ಪುಣ್ಯ ಜಮೆ ಆಗುತ್ತದೆ ಅನ್ನುವುದು ನಮ್ಮ ನೆಲದ ಮಾತು. 11ನೇ ವಿಧಿ ಓದುವಾಗ ಆ ಪಾಸ್‌ಬುಕ್ ಪಕ್ಕಕ್ಕಿಡಿ. ದೇವರ ಮುಂದೆ ನೀತಿವಂತರೆಂದು ಎಣಿಸಲ್ಪಡುವುದು ಕ್ರಿಸ್ತನ ದೆಸೆಯಿಂದ, ನಂಬಿಕೆಯಿಂದ, ನಮ್ಮ ಜಮಾ ಲೆಕ್ಕದಿಂದಲ್ಲ. ಮರು ವಿಧಿ, 12ನೆಯದು, ಒಳ್ಳೆಯ ಕೆಲಸ ಬೇಡ ಅನ್ನುವುದಿಲ್ಲ. ಮರಕ್ಕೆ ಹಣ್ಣಿನ ಹಾಗೆ ಅದು ಹಿಂದೆ ಬರುತ್ತದೆ ಅನ್ನುತ್ತದೆ.

'ಆತ್ಮ'. ಸಾವಿನ ಮನೆಯಲ್ಲಿ "ಆತ್ಮಕ್ಕೆ ಶಾಂತಿ ಸಿಗಲಿ" ಅನ್ನುತ್ತೇವೆ. ಅದೇ ಬಾಯಲ್ಲಿ ಭಾನುವಾರ ದೇಹದ ಪುನರುತ್ಥಾನವನ್ನು ನಂಬುತ್ತೇನೆ ಅನ್ನುತ್ತೇವೆ. ಇವೆರಡರಲ್ಲಿ ನಮ್ಮ ನಿರೀಕ್ಷೆ ಯಾವುದು? ಕಡೆಯ ದಿನಗಳ ಅಧ್ಯಾಯಕ್ಕೆ ಇದೇ ಪ್ರಶ್ನೆ ಸಾಕು. ನಮ್ಮ ಗುಂಪಿನಲ್ಲಿ ಇದಕ್ಕೇ ಮೂರು ಸಂಜೆ ಹೋಯಿತು, ಕಾಫಿ ಎರಡು ಸಲ ಕಾಯಿಸಬೇಕಾಯಿತು.

ಹಂತ 6: ಆಂಗ್ಲಿಕನ್ನರ ಒಳಜಗಳ

ಚಿಕ್ಕದಾಗಿ ಹೇಳಿ ಮುಂದೆ ಹೋಗುತ್ತೇನೆ. ಮೂರು ಒಲವುಗಳಿವೆ. ಇವಾಂಜೆಲಿಕಲ್ ಅಂದರೆ ಸತ್ಯವೇದ, ಶಿಲುಬೆ, ಮನಪರಿವರ್ತನೆಗೆ ಒತ್ತು. ಆಂಗ್ಲೋ-ಕ್ಯಾಥೊಲಿಕ್ ಅಂದರೆ ಸಭೆ, ಸಂಸ್ಕಾರ, ಬಿಷಪರ ಪರಂಪರೆಗೆ ಒತ್ತು. 1833ರಲ್ಲಿ ಆಕ್ಸ್‌ಫರ್ಡಿನಲ್ಲಿ ಶುರುವಾದ ಚಳವಳಿಯಿಂದ ಇದಕ್ಕೆ ಬಲ ಬಂತು. ಅದರ ಮುಂದಾಳು ಜಾನ್ ಹೆನ್ರಿ ನ್ಯೂಮನ್ 1845ರಲ್ಲಿ ರೋಮನ್ ಕ್ಯಾಥೊಲಿಕ್ ಸಭೆಗೇ ಹೋದ. ಮೂರನೆಯದು ಉದಾರ ಒಲವು, ಹೊಸ ಕಾಲದ ತಿಳಿವಳಿಕೆಯನ್ನು ಒಳಗೆ ಬಿಟ್ಟುಕೊಳ್ಳುವುದು.

*ಎಚ್ಚರಿಕೆ:* ಯೂಟ್ಯೂಬ್ ನಿಮಗೆ ಒಂದೇ ಒಲವನ್ನು ಮತ್ತೆ ಮತ್ತೆ ಬಡಿಸುತ್ತದೆ. ಮೂರರಿಂದಲೂ ಒಬ್ಬೊಬ್ಬರನ್ನು ಓದದೆ 'ಆಂಗ್ಲಿಕನ್ನರು ಹೀಗಂತಾರೆ' ಅನ್ನಬೇಡಿ.

ಹಂತ 7: ನಮ್ಮವರನ್ನು ಓದಿ

ಇಷ್ಟೆಲ್ಲ ಓದಿ ಇಂಗ್ಲೆಂಡಿನಲ್ಲೇ ನಿಂತುಬಿಟ್ಟರೆ ಪ್ರಯೋಜನವಿಲ್ಲ. 1912ರಲ್ಲಿ ಈಗಿನ ತೆಲಂಗಾಣದ ದೋರ್ನಕಲ್‌ನ ಬಿಷಪ್ ಆದ ವಿ.ಎಸ್. ಅಜರಯ್ಯ ಮೊದಲ ಭಾರತೀಯ ಆಂಗ್ಲಿಕನ್ ಬಿಷಪ್. 1919ರಲ್ಲಿ ತಮಿಳುನಾಡಿನ ಟ್ರಾಂಕೆಬಾರ್‌ನಲ್ಲಿ ಸಭೆಗಳ ಐಕ್ಯದ ಮಾತು ಶುರುವಾದಾಗ ಅಲ್ಲಿ ಅವರಿದ್ದರು. ಕೊಯಮತ್ತೂರಿನ ಸಿಎಸ್‌ಐ ಬಿಷಪ್ ಆಗಿದ್ದ ಎ.ಜೆ. ಅಪ್ಪಾಸಾಮಿ ಯೋಹಾನನ ಸುವಾರ್ತೆಯನ್ನು ಭಕ್ತಿ ಮಾರ್ಗದ ಕಣ್ಣಿನಿಂದ ಓದಿದರು, ಜಗತ್ತು ದೇಹ, ದೇವರು ಅದರ ಆತ್ಮ ಅನ್ನುವ ರಾಮಾನುಜರ ಹೋಲಿಕೆಯನ್ನು ಬಳಸಿದರು. ಮೇಲುಕೋಟೆಯ ಹೆಸರು ಕೇಳಿ ಬೆಳೆದ ನಮಗೆ ಅದು ಹತ್ತಿರ ಅನ್ನಿಸುತ್ತದೆ. ಆದರೆ ಹಂತ 2ರ ಕಲ್ಸೆಡಾನ್ ಬೇಲಿಯ ಒಳಗೆ ಅದು ಕೂರುತ್ತದಾ ಅಂತ ನೀವೇ ತೂಗಿ ನೋಡಿ. ನಮ್ಮ ಕಾರ್ಕಳದಲ್ಲಿ ಹುಟ್ಟಿದ ಸ್ಟ್ಯಾನ್ಲಿ ಸಮರ್ಥ ಬೇರೆ ಧರ್ಮದವರ ಜೊತೆ ಮಾತುಕತೆಯ ಬಗ್ಗೆ ಬರೆದರು. ಅವರು ಆಂಗ್ಲಿಕನ್ ಅಲ್ಲ, ಬಾಸೆಲ್ ಮಿಷನ್ ಕಡೆಯವರು, ಆದರೂ ಬಿಡುವ ಹಾಗಿಲ್ಲ. ಅರವಿಂದ್ ನಿರ್ಮಲ್ 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಲ್ಲಿ ಮಾಡಿದ ಭಾಷಣದಿಂದ ದಲಿತ ದೈವಶಾಸ್ತ್ರದ ಚರ್ಚೆಗೆ ನೆಲೆ ಸಿಕ್ಕಿತು. ನಮ್ಮ ಮೂರು ಜಿಲ್ಲೆಗಳ ಸಭೆಗಳಲ್ಲಿ ಯಾರು ಯಾರಿದ್ದಾರೆ ಅಂತ ನೋಡಿದರೆ ಇದನ್ನು ಯಾಕೆ ಓದಬೇಕು ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಹಂತ 8: ಸರ್ಟಿಫಿಕೇಟ್ ಬೇಕಾ?

ಬೇಕಾದರೆ ದಾರಿ ಇದೆ. ಭಾರತದ ಪ್ರಾಟೆಸ್ಟಂಟ್ ದೈವಶಾಸ್ತ್ರ ಕಾಲೇಜುಗಳಲ್ಲಿ ಬಹಳಷ್ಟು ಪಶ್ಚಿಮ ಬಂಗಾಳದ ಸೆರಾಂಪುರದ ಸೆನೆಟ್‌ಗೆ (ಡಿಗ್ರಿ ಕೊಡುವ ಮಂಡಳಿಗೆ) ಸೇರಿವೆ. ಸೆರಾಂಪುರ ಕಾಲೇಜು ಶುರುವಾದದ್ದು 1818ರಲ್ಲಿ, ಡಿಗ್ರಿ ಕೊಡುವ ಅಧಿಕಾರ ಡೆನ್ಮಾರ್ಕಿನ ರಾಜನಿಂದ 1827ರಲ್ಲಿ ಸಿಕ್ಕಿತು. ಮನೆಯಲ್ಲೇ ಕೂತು ಓದುವವರಿಗೆ ಈ ಸೆನೆಟ್‌ನ ಡಿಪ್ಲೊಮಾ ಇನ್ ಕ್ರಿಶ್ಚಿಯನ್ ಸ್ಟಡೀಸ್, ಬ್ಯಾಚುಲರ್ ಆಫ್ ಕ್ರಿಶ್ಚಿಯನ್ ಸ್ಟಡೀಸ್ ಇವೆ. ಅರ್ಹತೆ, ಶುಲ್ಕ ಬದಲಾಗುತ್ತಿರುತ್ತವೆ, ಅರ್ಜಿ ಹಾಕುವ ಮುಂಚೆ ಅವರನ್ನೇ ಕೇಳಿ. ಕಾಲೇಜಿಗೇ ಹೋಗಿ ಕನ್ನಡದಲ್ಲಿ ಓದಬೇಕು ಅಂದರೆ ಮಂಗಳೂರು ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜು. ಇಂಗ್ಲಿಷಿನಲ್ಲಾದರೆ 1910ರಲ್ಲಿ ಶುರುವಾದ ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜು, ಮಿಲ್ಲರ್ಸ್ ರೋಡಿನಲ್ಲಿದೆ.

ಬೆಂಗಳೂರಿನ ಆ ಕಾಲೇಜಿನ ಲೈಬ್ರರಿಯಲ್ಲಿ ಒಂದು ದಿನ ಕೂರಬೇಕು ಅಂತ ಆಸೆ ಪಡುವವರಿಗೆ: ಮೊದಲೇ ಫೋನ್ ಮಾಡಿ ಅನುಮತಿ ಕೇಳಿ, ನಿಮ್ಮ ಸಭಾಪಾಲಕರಿಂದ ಒಂದು ಪರಿಚಯ ಪತ್ರ ಬರೆಸಿಕೊಳ್ಳಿ. ಬೆಳಗ್ಗೆ ಬೇಗ ಟ್ರೈನ್ ಹಿಡಿದರೆ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಎಲ್ಲಿಂದಲಾದರೂ ಹೋಗಿ ಸಂಜೆ ವಾಪಸ್ ಬರಬಹುದು. ಏನು ನೋಡಬೇಕು ಅಂತ ಪಟ್ಟಿ ಬರೆದುಕೊಂಡು ಹೋಗಿ. ಪಟ್ಟಿ ಇಲ್ಲದೆ ಹೋದವರು ಕಪಾಟಿನ ಮುಂದೆ ನಿಂತೇ ದಿನ ಕಳೆಯುತ್ತಾರೆ.

ಪದೇ ಪದೇ ಕೇಳುವ ಇನ್ನೆರಡು

"ಒಬ್ಬನೇ ಓದಬಹುದಾ?" ಓದಬಹುದು, ಆದರೆ ಹಂತ 5 ಒಬ್ಬರೇ ದಾಟುವುದು ಕಷ್ಟ. ಮೂರು ಜನ ಸಿಕ್ಕರೂ ಸಾಕು. ಅದರಲ್ಲಿ ಒಬ್ಬರು ಪ್ರತಿ ಸಲ "ಅಂದರೆ ಏನು?" ಅಂತ ಕೇಳುವವರಾಗಿರಲಿ.

"ಓದಿದ ಮೇಲೆ ಸಭಾಪಾಲಕರ ಪ್ರಸಂಗದಲ್ಲಿ ತಪ್ಪು ಕಾಣಿಸಿದರೆ?" ಕಾಣಿಸುತ್ತದೆ. ಮೊದಲ ಆರು ತಿಂಗಳು ಎಲ್ಲರ ಪ್ರಸಂಗದಲ್ಲೂ ಕಾಣಿಸುತ್ತದೆ, ಅದೊಂದು ಜ್ವರ. ಭಾನುವಾರ ಗೇಟಿನ ಹತ್ತಿರ ಹಿಡಿದು ಕೇಳಬೇಡಿ. ವಾರದ ಮಧ್ಯೆ ಮನೆಗೆ ಹೋಗಿ, ನಿಮ್ಮ ನೋಟ್‌ಬುಕ್ಕಿನ ಆ ಪುಟ ತೋರಿಸಿ, "ಅಯ್ಯನವರೇ, ಇದನ್ನ ನಾನು ಸರಿಯಾಗಿ ತಿಳ್ಕೊಂಡಿದ್ದೀನಾ, ಒಂದು ಸಲ ನೋಡ್ತೀರಾ?" ಅಂತ ಕೇಳಿ. ನನಗೆ ಎರಡು ಸಲ ಹೀಗೆ ಪುಟ ವಾಪಸ್ ಸಿಕ್ಕಿದೆ, ಎರಡು ಸಲವೂ ತಪ್ಪು ನನ್ನದೇ ಆಗಿತ್ತು.